ಡಿಪಿಎಫ್ ರೀಜೆನ್ ಲಾಗ್, ಮೂರನೇ ವಾರ: ಅರ್ಧಕ್ಕೆ ನಿಂತರೆ ಸುಟ್ಟ ಡೀಸೆಲ್ ದಂಡ

ನನ್ನ ಡೀಸೆಲ್ ಗಾಡಿಯ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರೇ ಡಿಪಿಎಫ್. ಅದರಲ್ಲಿ ತುಂಬಿದ ಮಸಿಯನ್ನು ಸುಟ್ಟು ಖಾಲಿ ಮಾಡುವುದು ರೀಜೆನ್. ಅದು ಪದೇ ಪದೇ ಆಗುತ್ತಿದೆ, ಹಾಗಾದರೆ ಎಂಜಿನ್ ಮಸಿ ಜಾಸ್ತಿ ಉಗುಳುತ್ತಿದೆ ಅಂದುಕೊಂಡಿದ್ದೆ. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಓಬಿಡಿ ರೀಡರ್ ಸಿಕ್ಕಿಸಿ ಪ್ರತಿ ಓಡಾಟವನ್ನೂ ಬರೆದಿಟ್ಟ ಮೇಲೆ ಬೇರೆಯದೇ ಕಂಡಿತು. ಶುರುವಾದ ಆರು ರೀಜೆನ್‌ಗಳಲ್ಲಿ ನಾಲ್ಕು ಅರ್ಧಕ್ಕೇ ನಿಂತಿವೆ. ಫಿಲ್ಟರ್ ಕಾದು ಬಿಸಿಯಾಗುವಷ್ಟರಲ್ಲಿ ನಾನು ಗಾಡಿ ಆಫ್ ಮಾಡಿರುತ್ತಿದ್ದೆ.

ಇಲ್ಲಿ ದುಡಿಯುವುದೆಲ್ಲ ಬಿಸಿ. ಆಮ್ಲಜನಕದಲ್ಲಿ ಮಸಿ ಉರಿಯಬೇಕಾದರೆ ಸುಮಾರು 550ರಿಂದ 600 ಡಿಗ್ರಿ ಬೇಕು. ನಿಧಾನದ ಓಡಾಟದಲ್ಲಿ ಹೊಗೆ ಅಷ್ಟು ಕಾಯುವುದಿಲ್ಲ. ಅದಕ್ಕೇ ಎಂಜಿನ್ ತಡವಾಗಿ ಒಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಫಿಲ್ಟರ್ ಮುಂದಿನ ಕ್ಯಾಟಲಿಸ್ಟ್‌ನಲ್ಲಿ ಉರಿದು ಫಿಲ್ಟರನ್ನು ಕಾಯಿಸುತ್ತದೆ. ಅದರಲ್ಲೇ ಸ್ವಲ್ಪ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆ ದಾಟಿತ್ತು, ಬೆರಳಿಗೆ ನೀರಾಗಿ ಹತ್ತಿತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಅವತ್ತೇ ಬದಲಿಸಿದೆ. ಹಾಕಿದ್ದು ಲೋ ಸ್ಯಾಪ್ಸ್ ಆಯಿಲ್, ಅಂದರೆ ಉರಿದಾಗ ಕಡಿಮೆ ಬೂದಿ ಬಿಡುವಂಥದ್ದು. ಮಸಿ ಸುಟ್ಟು ಹೋಗುತ್ತದೆ, ಆಯಿಲ್‌ನಿಂದ ಬರುವ ಬೂದಿ ಫಿಲ್ಟರಿನಲ್ಲೇ ಉಳಿಯುತ್ತದೆ ಅಲ್ವಾ.

ಇನ್ನೊಂದು ತಪ್ಪು ಪ್ರೆಶರ್ ಸೆನ್ಸರ್‌ದು. ಕೀ ಆನ್, ಎಂಜಿನ್ ಆಫ್ ಇದ್ದಾಗ ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ ಸೊನ್ನೆ ಇರಬೇಕು. ನನ್ನದು 7 ಮಿಲಿಬಾರ್ ತೋರಿಸುತ್ತಿತ್ತು. ಇಲ್ಲದ ಮಸಿಯನ್ನು ಇದೆ ಅಂತ ಲೆಕ್ಕಕ್ಕೆ ಹಿಡಿಯುತ್ತಿತ್ತು. ಹೋಸ್ ಎರಡೂ ಚೆನ್ನಾಗಿದ್ದವು, ಸೆನ್ಸರ್ ಬದಲಿಸಿ ಸ್ಕ್ಯಾನರ್‌ನಲ್ಲಿ ಹೊಂದಿಸಿದೆ. ಇದನ್ನು ಮೊದಲನೇ ದಿನವೇ ನೋಡಬೇಕಿತ್ತು.

ಈ ವಾರ ಕ್ರಮ ಬದಲಿಸಿದೆ. ಮಸಿಯ ಲೆಕ್ಕ ರೀಜೆನ್ ಮಿತಿಯ ಹತ್ತಿರ ಬಂದಾಗ ಸಣ್ಣ ಓಡಾಟ ಬಿಟ್ಟು ಉದ್ದದ ಓಡಾಟಕ್ಕೆ ಹೊರಡುತ್ತೇನೆ. ಫಿಲ್ಟರ್ ಮೊದಲೇ 300 ಡಿಗ್ರಿ ದಾಟಿದ್ದರೆ ಉಳಿದದ್ದನ್ನು ಕಾಯಿಸಲು ಕಡಿಮೆ ಡೀಸೆಲ್ ಸಾಕು. ತಣ್ಣಗಿನಿಂದ ಶುರುವಾದದ್ದು 22 ನಿಮಿಷ ಹಿಡಿದಿತ್ತು, ಇದು 12ರಲ್ಲಿ ಮುಗಿಯಿತು. ಒಂದು ಸಲವಂತೂ ರೀಜೆನ್ ಇಲ್ಲದೆಯೇ ಮಸಿ 18 ಗ್ರಾಮ್‌ನಿಂದ 15ಕ್ಕೆ ಇಳಿಯಿತು. ಆ ಬಿಸಿಯಲ್ಲಿ ಹೊಗೆಯೊಳಗಿನ ನೈಟ್ರೋಜನ್ ಡೈಆಕ್ಸೈಡ್ ಸುಮ್ನೆ ತಾನೇ ಮಸಿ ತಿನ್ನುತ್ತದೆ. ಸ್ಕ್ರೀನ್ ಮೇಲೆ ಅದನ್ನು ನೋಡಿ ತುಂಬಾ ಖುಷಿಯಾಯಿತು.

ರೀಜೆನ್ ಜೋರಾಗಿರುವಾಗ ಥಟ್ಟನೆ ಐಡ್ಲಿಂಗ್‌ಗೆ ಬಿಡುವುದನ್ನೂ ನಿಲ್ಲಿಸಿದ್ದೇನೆ. ಆಗ ಆಮ್ಲಜನಕ ಜಾಸ್ತಿ, ಬಿಸಿಯನ್ನು ಹೊತ್ತೊಯ್ಯುವ ಗಾಳಿ ಕಮ್ಮಿ. ಒಳಗಿನ ಸೆರಾಮಿಕ್ ಬಿರುಕು ಬಿಡಬಹುದು.

ಮುಂದಿನ ವಾರ ಎರಡು ರೀಜೆನ್‌ಗಳ ನಡುವೆ ಎಷ್ಟು ಕಿಲೋಮೀಟರ್ ಸಿಗುತ್ತದೆ ಅಂತ ಬರೆದಿಡುತ್ತೇನೆ.