ಮುಚ್ಚಳ ಖಾಲಿ ಆದ್ರೆ ಡೋಸ್ ಆಯ್ತಾ?

"ಮುಚ್ಚಳ ಖಾಲಿ ಇದ್ಯಲ್ಲ, ಡೋಸ್ ಆಯ್ತು ಅಂತ ಟಿಕ್ ಹಾಕಿ." ನಮ್ಮ ಮೇಲಿನವರ ಈ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ನನ್ನ ಕೆಲಸ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಕಾಂಗರೂ ವ್ಯಾಲಿ ಕಡೆ, ಕಜ್ಜಿ ಹಿಡಿದ ವೊಂಬ್ಯಾಟ್‌ಗಳಿಗೆ ಔಷಧಿ ಹಾಕುವುದು. ವೊಂಬ್ಯಾಟ್ ಅಂದರೆ ಬಿಲ ತೋಡಿ ಬದುಕುವ, ಹುಲ್ಲು ಮೇಯುವ ಇಲ್ಲಿನ ಪ್ರಾಣಿ. ಬಿಲದ ಬಾಯಿಗೆ ಫ್ಲಾಪ್ (ತಳ್ಳಿದರೆ ಸರಿಯುವ ತೂಗುಬಾಗಿಲು) ಕಟ್ಟಿ, ಅದರ ಮೇಲಿನ ಬಾಟಲಿ ಮುಚ್ಚಳಕ್ಕೆ ಸೈಡೆಕ್ಟಿನ್ ಅನ್ನೋ ಕಜ್ಜಿ ಔಷಧಿ ತುಂಬುತ್ತೇವೆ. ಪ್ರಾಣಿ ತಳ್ಳಿಕೊಂಡು ಹೋದರೆ ಔಷಧಿ ಬೆನ್ನ ಮೇಲೆ ಚೆಲ್ಲುತ್ತದೆ.

ಕಳೆದ ಚಳಿಗಾಲದಲ್ಲಿ ಹೊಳೆ ಪಕ್ಕದ ಒಂದು ಹೆಣ್ಣು ವೊಂಬ್ಯಾಟ್ ಹೆಸರಿಗೆ ಶೀಟಿನಲ್ಲಿ ವಾರವಾರವೂ ಟಿಕ್ ಬೀಳುತ್ತಿತ್ತು. ಟ್ರೇಲ್ ಕ್ಯಾಮ್ (ಪ್ರಾಣಿ ಓಡಾಡಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಇಡೋಣ ಅಂದೆ, ಬಜೆಟ್ ಇಲ್ಲ ಅಂದರು. ಕೊನೆಗೆ ಜಮೀನಿನವರೇ ಒಂದು ಕೊಟ್ಟರು. ನೋಡಿದರೆ ಫ್ಲಾಪ್ ತಳ್ಳುತ್ತಿದ್ದದ್ದು ಮೈತುಂಬ ಕೂದಲಿದ್ದ ಗಟ್ಟಿಮುಟ್ಟು ಗಂಡು! ವೊಂಬ್ಯಾಟ್‌ಗಳು ಕೆಲವು ದಿನಕ್ಕೊಮ್ಮೆ ಬಿಲ ಬದಲಿಸುತ್ತವೆ. ಕಜ್ಜಿ ಹುಳು ಒಂದರಿಂದ ಇನ್ನೊಂದಕ್ಕೆ ದಾಟುವುದೂ ಈ ಬಿಲಗಳಲ್ಲೇ.

ಹೆಣ್ಣು ಸಿಕ್ಕಿದ್ದು ನಡುಮಧ್ಯಾಹ್ನ, ಬಯಲಿನಲ್ಲಿ. ಹಗಲಲ್ಲಿ ಹೊರಗೆ ಮೇಯುತ್ತಿದೆ ಅಂದರೆ ರೋಗ ಜೋರಾಗಿರಬಹುದು ಅಂತ. ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿಟ್ಟ ಚರ್ಮ, ಹಕ್ಕಳೆಗಟ್ಟಿ ಮುಚ್ಚಿಹೋದ ಕಣ್ಣು. ಉದ್ದ ಕೋಲಿನ ತುದಿಯ ಸ್ಕೂಪ್‌ಗೆ ಔಷಧಿ ತುಂಬಿ, ಎದುರುಗಾಳಿಯಲ್ಲಿ ಹಿಂದಿನಿಂದ ಹೋದೆ. ಹುಲ್ಲು ಅಗಿಯುವ ಸದ್ದು ಬರುವಾಗ ಒಂದು ಹೆಜ್ಜೆ. ಸದ್ದು ನಿಂತರೆ ನಾನೂ ನಿಲ್ಲಬೇಕು. ಒಮ್ಮೆ ತಲೆ ಎತ್ತಿತು. ಕೋಲು ಹಿಡಿದ ಕೈ ನಡುಗುತ್ತಿತ್ತು. ಈಗ ಓಡಿ ಯಾವುದೋ ಬಿಲ ಸೇರಿದರೆ ಮತ್ತೆ ಎಲ್ಲಿ ಹುಡುಕುವುದು? ಪುಣ್ಯಕ್ಕೆ ಮತ್ತೆ ಅಗಿಯಲು ಶುರುಮಾಡಿತು. ಬೆನ್ನುದ್ದಕ್ಕೂ ಸುರಿದೆ. ಆಮೇಲಿನ ಡೋಸ್‌ಗಳನ್ನೂ ಹೀಗೇ ಕೊಟ್ಟೆವು. ಹಕ್ಕಳೆ ಉದುರಿ ಹೊಸ ಕೂದಲು ಬಂತು.

ಟಾಸ್ಮೇನಿಯಾದ ನರಾವಂಟಪು ರಾಷ್ಟ್ರೀಯ ಉದ್ಯಾನದಲ್ಲಿ 2010ರಿಂದ ಕೆಲವೇ ವರ್ಷಗಳಲ್ಲಿ ಇದೇ ಕಜ್ಜಿಗೆ ಶೇ. 90ಕ್ಕೂ ಹೆಚ್ಚು ವೊಂಬ್ಯಾಟ್‌ಗಳು ಹೋದವು. ಅಲ್ಲೂ ಬಿಲಗಳಿಗೆ ಫ್ಲಾಪ್ ಹಾಕಿದ್ದರು. ಸ್ವಲ್ಪ ಕಾಲ ತಡೆಯಿತು, ಅಷ್ಟೇ. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಮೇಲಿನವರು ಎಷ್ಟು ಫ್ಲಾಪ್ ಕಟ್ಟಿದಿರಿ ಅಂತಲೇ ಲೆಕ್ಕ ಕೇಳುತ್ತಾರೆ. ಎಷ್ಟು ಪ್ರಾಣಿ ವಾಸಿಯಾದವು ಅನ್ನೋ ಕಾಲಮ್ಮೇ ಶೀಟಿನಲ್ಲಿಲ್ಲ. ಫ್ಲಾಪ್ ಹಾಕಿದ ಕಡೆ ಕ್ಯಾಮೆರಾ ಇರಲೇಬೇಕು. ಇದನ್ನು ಪ್ರತಿ ಮೀಟಿಂಗ್‌ನಲ್ಲೂ ಹೇಳುತ್ತಿದ್ದೇನೆ, ಹೇಳುತ್ತಲೇ ಇರುತ್ತೇನೆ.

ಸಿಡ್ನಿಯ ಕನ್ನಡದವರು ವೀಕೆಂಡ್‌ಗೆ ಈ ಕಡೆ ಜಾಸ್ತಿ ಬರ್ತೀರಿ ಅಲ್ವಾ? ಕೂದಲುದುರಿದ ವೊಂಬ್ಯಾಟ್ ಕಂಡರೆ ಹತ್ತಿರ ಹೋಗಬೇಡಿ. ದೂರದಿಂದಲೇ ಫೋಟೋ ತೆಗೆದು, ವೊಂಬ್ಯಾಟ್ ಕಂಡದ್ದನ್ನು ದಾಖಲಿಸುವ ವೆಬ್‌ಸೈಟ್ ವೊಮ್‌ಸ್ಯಾಟ್‌ನಲ್ಲಿ ಸರಿಯಾದ ಜಾಗ ಗುರುತಿಸಿ. ಯಾವ ಬಿಲಕ್ಕೆ ಹೋಯಿತು ಅಂತ ಕಂಡಿದ್ದರೆ ಅದನ್ನೂ ಬರೆಯಿರಿ.