ವಾರ್ಡ್ ಸಮಿತಿಯ ಸಭೆ ಮುಗಿಸಿ ಬಂದ ಮೇಲೆ

ಇಂದು ಸಂಜೆ ನಮ್ಮ ವಾರ್ಡ್ ಸಮಿತಿಯ ಮಾಸಿಕ ಸಭೆಗೆ ಹೋಗಿದ್ದೆ. ಬಸ್ ನಿಲ್ದಾಣದ ಪಕ್ಕದ ಚರಂಡಿಯಲ್ಲಿ ಚಪ್ಪಡಿ ಎಲ್ಲೆಲ್ಲಿ ಮುರಿದಿದೆ ಎಂಬುದನ್ನು ಹಿರಿಯ ಸದಸ್ಯೆಯೊಬ್ಬರು ನೋಟ್‌ಬುಕ್ಕಿನ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬಿಡಿಸಿ ತಂದಿದ್ದರು; ಎಂಜಿನಿಯರ್ ಅದನ್ನು ನೋಡಿ, ಮಳೆಗಾಲಕ್ಕೆ ಮುಂಚೆ ಮುಗಿಸಬೇಕಾದ ಕಾಮಗಾರಿಗಳ ಪಟ್ಟಿಗೆ ಸೇರಿಸಿಕೊಂಡರು. ದಿನವೂ ಆ ದಾರಿಯಲ್ಲಿ ನಡೆಯುವವರಿಗಲ್ಲದೆ ಅದು ಇನ್ನಾರಿಗೆ ಕಾಣುತ್ತಿತ್ತು?

ನಮ್ಮ ರಾಜ್ಯದ ಪಾಲಿಕೆ ಕಾಯ್ದೆಯ ಪ್ರಕಾರ ಈ ಸಮಿತಿಗೆ ವಾರ್ಡಿನ ಪಾಲಿಕೆ ಸದಸ್ಯರೇ ಅಧ್ಯಕ್ಷರು. ನಾಮನಿರ್ದೇಶನಗೊಳ್ಳುವ 10 ಮಂದಿಯಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ 2 ಮಂದಿ ಮತ್ತು ನಿವಾಸಿಗಳ ಸಂಘಗಳ 2 ಪ್ರತಿನಿಧಿಗಳಿರಬೇಕು. ಆದರೆ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ ಎಂಬುದು ನನ್ನನ್ನು ಕಾಡುತ್ತಿದೆ. ನನ್ನ ತವರಾದ ಶಿರಸಿಯಂತಹ ಪುಟ್ಟ ನಗರದಲ್ಲಿ, ನಲ್ಲಿ ನೀರು ಬಿಡುವವರ ಹೆಸರೂ ಬೀದಿಯವರಿಗೆ ಗೊತ್ತಿರುವ ಕಡೆ, ಇಂತಹ ಸಮಿತಿ ಇನ್ನೂ ಚೆನ್ನಾಗಿ ನಡೆದೀತು ಎಂದೇ ನನ್ನ ನಂಬಿಕೆ.

ಸಭೆ ಮುಗಿದ ಮೇಲೆ ಆ ಹಿರಿಯರು, "ಮುಂದಿನ ತಿಂಗಳು ನಿಮ್ಮ ಬೀದಿಯಲ್ಲಿ ಉರಿಯದ ದೀಪಗಳ ಕಂಬದ ನಂಬರ್ ಬರೆದು ತನ್ನಿ" ಎಂದರು. ನಾಳೆ ರಾತ್ರಿಯೇ ಹೊರಡುತ್ತೇನೆ.