ಅಂಗೈ ನೋಡಿದ ಅಜ್ಜಿ

ಮಗನ ಮೈಮೇಲೆ ನೀರ್ಗುಳ್ಳೆ ಎದ್ದ ಬೆಳಿಗ್ಗೆ ಹನುಮಂತನಗರದ ನಮ್ಮ ಮನೆಯಲ್ಲಿ ಗಾಬರಿಯಾಗದೆ ಇದ್ದವರು ಅಜ್ಜಿ ಒಬ್ಬರೇ. ಹುಡುಗನ ಬೆನ್ನು, ಹೊಟ್ಟೆ ನೋಡಿದವರು "ಅಂಗೈ ತೋರಿಸು ಪುಟ್ಟ" ಎಂದರು. ಅಂಗೈ ಆಯಿತು, ಅಂಗಾಲೂ ಆಯಿತು. ಎಲ್ಲವೂ ನುಣ್ಣಗಿದ್ದವು. "ಇದು ಮೈಲಿಯಲ್ಲ, ಸೀತಾಳೆ" ಎಂದು ಬೇವಿನ ಸೊಪ್ಪಿಗೆ ನನ್ನನ್ನು ಅಟ್ಟಿದರು.

ಸಂಜೆ ವೈದ್ಯರೂ ಅದನ್ನೇ ಹೇಳಿದರು. ಸೀತಾಳೆಯ, ಅಂದರೆ ಚಿಕನ್‌ಪಾಕ್ಸ್‌ನ, ಗುಳ್ಳೆ ಎದೆ, ಬೆನ್ನಿನ ಮೇಲೆ ದಟ್ಟ; ಒಂದು ಏಳುತ್ತಿರುವಾಗ ಪಕ್ಕದ್ದು ಒಣಗುತ್ತಿರುತ್ತದೆ. ಅಜ್ಜಿ ಮೈಲಿ ಎಂದ ಸಿಡುಬು ಮುಖ, ಕೈಕಾಲುಗಳ ಮೇಲೆ ಹೆಚ್ಚಾಗಿರುತ್ತಿತ್ತು, ಅಂಗೈ ಅಂಗಾಲನ್ನೂ ಬಿಡುತ್ತಿರಲಿಲ್ಲ, ಅಕ್ಕಪಕ್ಕದ ಗುಳ್ಳೆಗಳೆಲ್ಲ ಒಂದೇ ಹದದಲ್ಲಿರುತ್ತಿದ್ದವು.

"ಅಂದರೆ ಇದು ಸಿಡುಬಿನ ಸೌಮ್ಯ ರೂಪ?" ಎಂದು ಕೇಳಿ ನಗೆಪಾಟಲಾದೆ. ಸೀತಾಳೆಯ ವೈರಸ್ಸೇ ಬೇರೆ. ಸಿಡುಬಿಗೆ ಅದರದ್ದೇ ಆದ ಸೌಮ್ಯ ರೂಪವೊಂದಿತ್ತು, ವೇರಿಯೋಲ ಮೈನರ್.

ರಾತ್ರಿ ಮಗನ ಪಕ್ಕದಲ್ಲಿ ಕುಳಿತು ಓದಿದೆ. ಸಿಡುಬಿನ ಕಠಿಣ ರೂಪವಾದ ವೇರಿಯೋಲ ಮೇಜರ್ ತಗುಲಿದರೆ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಮೈನರ್‌ನಲ್ಲಿ ಹೆಚ್ಚೆಂದರೆ ಒಬ್ಬರು. ಒಂದು ಬಂದು ಹೋದವರನ್ನು ಇನ್ನೊಂದು ಮುಟ್ಟುತ್ತಿರಲಿಲ್ಲ. ಆದರೆ ಸೌಮ್ಯವಾದದ್ದಕ್ಕೂ ಅದರದ್ದೇ ಕುತಂತ್ರವಿತ್ತು: ರೋಗಿ ಹಾಸಿಗೆ ಹಿಡಿಯದೆ ಓಡಾಡಿಕೊಂಡು ಹಂಚುತ್ತಿದ್ದ. ಸಹಜವಾಗಿ ಸಿಡುಬು ತಗುಲಿದ ಜಗತ್ತಿನ ಕೊನೆಯ ವ್ಯಕ್ತಿ, ಸೊಮಾಲಿಯಾದ ಆಸ್ಪತ್ರೆಯೊಂದರ ಅಡುಗೆಯವ ಅಲಿ ಮಾವ್ ಮಾಲಿನ್‌ಗೆ 1977ರಲ್ಲಿ ಬಂದದ್ದು ಇದೇ. ಮೊದಲು ಮಲೇರಿಯಾ ಎಂದರು, ಆಮೇಲೆ ಸೀತಾಳೆ ಎಂದರು. ನನ್ನ ಪೆದ್ದುತನಕ್ಕೆ ಒಳ್ಳೆಯ ಜೊತೆಯೇ ಸಿಕ್ಕಿತು!

ಓದುತ್ತ ಇನ್ನೊಂದು ತಪ್ಪೂ ಹೊರಬಿತ್ತು. ಅಜ್ಜಿಯ ಕೆನ್ನೆ, ಮೂಗಿನ ತುಂಬ ಕುಳಿಗಳಿವೆ. ಬದುಕಿದ್ದಾರಲ್ಲ, ಹಗುರವಾಗಿ ಬಂದು ಹೋಗಿರಬೇಕು ಎಂದೇ ನಾನು ಅಂದುಕೊಂಡಿದ್ದೆ. ನಮ್ಮ ದೇಶವನ್ನು 1975ರವರೆಗೆ ಕಾಡಿದ್ದು ಮೇಜರ್. ಮುಖದ ಮೇಲೆ ಅಂಥ ಕುಳಿ ಉಳಿಸಿಹೋಗುತ್ತಿದ್ದುದೂ ಹೆಚ್ಚಾಗಿ ಅದೇ. ಅಜ್ಜಿ ಉಳಿದ ಎಪ್ಪತ್ತರ ಪೈಕಿ. ಅವರ ಪುಟ್ಟ ತಮ್ಮ ಮೂವತ್ತರ ಪೈಕಿ.

ಮರುದಿನ ಅಜ್ಜಿ ಮೊರದಲ್ಲಿ ಬೇವಿನ ಎಲೆ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತು, ಅಂಗೈ ನೋಡಬೇಕೆಂದು ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ಯಾರು ಹೇಳಿಕೊಡುತ್ತಾರೆ? ತಮ್ಮನ ಕೈ ಹಿಡಿದುಕೊಂಡು ನಾನೇ ಮಲಗಿದ್ದೆನಲ್ಲ" ಎಂದರು. "ಮುಷ್ಟಿ ಕಟ್ಟುವುದಕ್ಕೂ ಆಗುತ್ತಿರಲಿಲ್ಲ ಅವನಿಗೆ."